ವಿಷಯ: ನಾಗಪುರದ ಕೂಲರನ್ನು ಕರಾವಳಿಗೆ ಶಿಫಾರಸು ಮಾಡಿದ ಬಗ್ಗೆ

ಮಾನ್ಯ ಓದುಗರಲ್ಲಿ ಮೊದಲಿಗೇ ಒಂದು ಅರಿಕೆ. ಈ ಬರಹದ ಕಾಗುಣಿತದಲ್ಲಿ ಲೋಪಗಳಿದ್ದರೆ, ಅಕ್ಷರಗಳು ಗೆರೆ ಬಿಟ್ಟು ಮೇಲೆ ಕೆಳಗೆ ಹೋಗಿದ್ದರೆ, ದಯಮಾಡಿ ಕ್ಷಮಿಸಬೇಕು. ಕನ್ನಡದಲ್ಲಿ ಟೈಪು ಮಾಡಲು ನನಗೆ ಬಾರದು. ಆದಕಾರಣ ಕೈಬರಹದಲ್ಲಿಯೇ ಸಲ್ಲಿಸುತ್ತಿದ್ದೇನೆ. ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ಮಾತಿನ ಕನ್ನಡವನ್ನು ಅಡುಗೆಮನೆಯಲ್ಲಿ ಕಲಿತೆ. ಬರಹದ ಕನ್ನಡ ಕಲಿತದ್ದು ನನ್ನ ತಂದೆಯವರ ಕರಡುಗಳಿಂದ. ಅವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು, ಭಾನುವಾರಗಳಂದು ಇಲ್ಲಿ ನಾಗಪುರದ ನಮ್ಮ ಕನ್ನಡ ಸಂಘದ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದರು. ಸಭಾಭವನದ ನಳದ ದುರಸ್ತಿ, ಬಾಡಿಗೆ ಕುರ್ಚಿಗಳ ವಾಪಸಾತಿ, ಮುಖ್ಯ ಅತಿಥಿಗಳಿಗೆ ಆಹ್ವಾನ: ಇಂಥ ವಿಷಯಗಳ ಮೇಲೆ ಅವರು ಬರೆದ ಪತ್ರಗಳನ್ನು ಶುದ್ಧಪ್ರತಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅರ್ಥವಾಗಲಿ ಬಿಡಲಿ, ಗೆರೆಗೆ ಗೆರೆ ನಕಲು ಮಾಡುತ್ತಿದ್ದೆ. ಹೀಗಾಗಿ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಕನ್ನಡವನ್ನು ಬಿಟ್ಟು ಬೇರೆ ಬರಹದ ಕನ್ನಡ ನನಗೆ ಗೊತ್ತಿಲ್ಲ. ಸಂಘದ ಈ ಸಲದ ಸಂಚಿಕೆಗೆ ನನ್ನ ವಿಡಿಯೋ ಕೆಲಸದ ಅನುಭವವನ್ನು ಬರೆದುಕೊಡಬೇಕೆಂದು ಕೇಳಿದಾಗ ಮೂರು ದಿನ ಭಯಪಟ್ಟೆ. ನಾಲ್ಕನೆಯ ದಿನ ತಂದೆಯವರ ಹಳೆಯ ಫೈಲನ್ನು ಎದುರಿಗಿಟ್ಟುಕೊಂಡು ಕುಳಿತಿದ್ದೇನೆ.

ನಾನು ಹದಿನೇಳು ವರ್ಷ ಒಂದು ಖಾಸಗಿ ಜ್ಯೂನಿಯರ್ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ಉಪಕರಣಗಳನ್ನು ಒರೆಸಿಡುವುದು, ತಂತಿಗಳನ್ನು ಜೋಡಿಸುವುದು, ಕೆಟ್ಟದ್ದನ್ನು ಬಿಚ್ಚಿ ಸರಿ ಮಾಡುವುದು ನನ್ನ ಕರ್ತವ್ಯ. ಗೋಡೆಯ ಮೇಲೆ ಎರಡು ಉಷ್ಣಮಾಪಕಗಳು ಜೋಡಿಯಾಗಿ ತೂಗುತ್ತಿದ್ದವು. ಒಂದು ಬರಿಯದು, ಇನ್ನೊಂದರ ಬುಡಕ್ಕೆ ಒದ್ದೆ ಬತ್ತಿ ಸುತ್ತಿರುತ್ತಿತ್ತು. ಪ್ರತಿ ಸೋಮವಾರ ಆ ಬತ್ತಿಯ ಕುಪ್ಪಿಗೆ ನೀರು ತುಂಬುವುದೂ ನನ್ನ ಕೆಲಸವೇ ಆಗಿತ್ತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ನನಗೆ ಇದರಿಂದಲೇ ನಾಚಿಕೆಯಾಗಲಿದೆ.

ಆಡಳಿತ ಮಂಡಳಿಯವರು ವಿಜ್ಞಾನ ವಿಭಾಗವನ್ನು ಮುಚ್ಚಿ ನನ್ನನ್ನು ಸೇವೆಯಿಂದ ಬಿಡುಗಡೆ ಮಾಡಿದರು. ಮನೆಯಲ್ಲಿ ನಾವು ಮೂವರು: ನನ್ನ ತಾಯಿ, ನಾನು ಮತ್ತು ಊರಾಚೆಯ ಕೈಗಾರಿಕಾ ಪ್ರದೇಶವಾದ ಮಿಹಾನಿನ ಒಂದು ಕಂಪನಿಯಲ್ಲಿ ಕೆಲಸ ಮಾಡುವ ನನ್ನ ತಂಗಿ. ನಾನು ಖಾಲಿ ಕುಳಿತ ಚಳಿಗಾಲದಲ್ಲಿ ಕಲಬುರಗಿಯಿಂದ ನನ್ನ ಮೌಶಿ, ಅಂದರೆ ತಾಯಿಯ ತಂಗಿ, ಫೋನು ಮಾಡಿದರು. ಬೇಸಿಗೆ ಬರುವ ಮೊದಲು ಕೂಲರ್ ಸಜ್ಜು ಮಾಡಬೇಕಾಗಿತ್ತು, ಪಂಪು ಗುಂಯ್ ಎನ್ನುತ್ತಿತ್ತೇ ಹೊರತು ನೀರು ಮೇಲೇರುತ್ತಿರಲಿಲ್ಲ.

“ಪಂಪ್ ನೀರಾಗ ಪೂರಾ ಮುಳಗೇದ ಏನು ನೋಡ್ರಿ. ಪೈಪಿನ ತೂತು ಸೂಜಿಲೆ ಬಿಚ್ರಿ,” ಎಂದೆ.

“ಏ ಮಗಳ, ನೀ ಬಡಾಬಡಾ ಹೇಳ್ತಿ, ನನಗ ತಿಳೀವಲ್ದು. ಕೈಲೆ ಮಾಡಿ ತೋರಸು. ಫೋನಿನ ವಿಡಿಯೋದಾಗ ಎಲ್ಲಾ ಹಿಂದಿಯೊಳಗ ಬಡಬಡಸ್ತಾರ, ಕನ್ನಡದಾಗ ಒಬ್ಬಾಂವ ಹೇಳವಲ್ಲ.”

ಕೂಲರಿಗೆ ಸಂಬಂಧಿಸಿದಂತೆ ನಾಗಪುರದವರಿಗೆ ಯಾರೂ ಕಲಿಸಬೇಕಾಗಿಲ್ಲ. ಹೋಳಿ ಹಬ್ಬಕ್ಕೆ ಮೊದಲು ಮಾಳಿಗೆಯಿಂದ ಇಳಿಸಿ, ಟ್ಯಾಂಕಿನ ಬಿಳಿಯ ಪೊರೆಯನ್ನು ಕೆರೆದು, ಮೂರು ಬದಿಗೂ ನೀರು ಹೀರುವ ಹೊಸ ಹುಲ್ಲಿನ ಪರದೆ ಕಟ್ಟಿ, ಕಿಟಕಿಯ ಹೊರಗಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸುವುದು ಇಲ್ಲಿ ಗೋಡೆಗೆ ಸುಣ್ಣ ಬಳಿಯುವಷ್ಟೇ ಸಹಜವಾದ ಕೆಲಸ. ನಮ್ಮ ಕೂಲರನ್ನೇ ಬಿಚ್ಚಿ ತೋರಿಸಿ, ತಂಗಿ ಬಿಟ್ಟುಕೊಟ್ಟ ಹಳೆಯ ಫೋನಿನಲ್ಲಿ ಚಿತ್ರೀಕರಿಸಿ ಮೌಶಿಗೆ ಕಳಿಸಿದೆ. ಅವರು ಅದನ್ನು ತಮ್ಮ ಓಣಿಯವರಿಗೆಲ್ಲ ಕಳಿಸಿದರು. ಓಣಿಯವರು ಪ್ರಶ್ನೆಗಳನ್ನು ಕಳಿಸಿದರು. ಇದನ್ನೇ ಇಂಟರ್ನೆಟ್ಟಿನಲ್ಲಿ ಒಂದು ಚಾನೆಲ್ ತೆರೆದು ಎಲ್ಲರೂ ನೋಡುವಂತೆ ಹಾಕಿದರೆ ಹೇಗೆ ಎಂಬ ಆಲೋಚನೆ ನನಗೆ ಹೀಗೆ ಬಂದಿತು.

ಸಾಧನ ಸಾಮಗ್ರಿಗಳ ವಿವರ ಕೆಳಗಿನಂತಿದೆ. ಫೋನಿನ ಹಿಂಭಾಗದ ಗಾಜು ಒಡೆದಿತ್ತು, ಆದರೆ ಕ್ಯಾಮೆರಾ ನೆಟ್ಟಗಿತ್ತು. ಅದನ್ನು ಹಿಡಿದು ನಿಲ್ಲಿಸಲು ನಮ್ಮ ಕಾಲೇಜಿನ ರಸಾಯನ ವಿಭಾಗದ ಬ್ಯೂರೆಟ್ ಸ್ಟ್ಯಾಂಡು ಇತ್ತು. ಭಾರವಾದ ಬೀಡುಕಬ್ಬಿಣದ ಪಾದ, ಎದ್ದುನಿಂತ ಸಲಾಕೆ, ಅದಕ್ಕೊಂದು ತಿರುಪಿನ ಹಿಡಿಕೆ. ಕಾಲೇಜಿನವರು ಗುಜರಿಗೆ ಹಾಕಿದ ದಿನ ನಾನು ಕ್ರಮಪ್ರಕಾರ ಕೊಂಡುಕೊಂಡದ್ದು, ರಸೀದಿ ಇದೆ. ಅಂಗಡಿಯ ಟ್ರೈಪಾಡು ಮೇಲಿಂದ ಕೆಳಗೆ ನೋಡಲು ಬಾಗುವುದಿಲ್ಲ. ಬ್ಯೂರೆಟ್ ಸ್ಟ್ಯಾಂಡು ಹೇಳಿದಂತೆ ಕೇಳುತ್ತದೆ. ನೆರಳು ತೆಗೆಯಲು ಫ್ರಿಜ್ಜಿನ ಪೆಟ್ಟಿಗೆಯಿಂದ ಬಂದ ಥರ್ಮೋಕೋಲ್ ಹಲಗೆ. ಕುಪ್ಪಸಕ್ಕೆ ಸಿಕ್ಕಿಸುವ ಚಿಕ್ಕ ಮೈಕನ್ನು ಮಾತ್ರ ಹೊಸದಾಗಿ ಗಾಂಧಿಬಾಗ್ ಪೇಟೆಯ ಗಲ್ಲಿಯಲ್ಲಿ ಕೊಂಡೆ. ಅಂಗಡಿಯಾತ ಅದನ್ನು ಮದುವೆಯ ವಿಡಿಯೋದವರಿಗೆ ಡಜನ್ನುಗಟ್ಟಲೆ ಮಾರುವವನು. ನನಗೆ ಒಂದೇ ಸಾಕು ಎಂದಾಗ ಅವನ ಮುಖ ಸಣ್ಣದಾಯಿತು.

ಬೆಳಕಿಗೂ ಶಬ್ದಕ್ಕೂ ಹೊಂದುವ ಹೊತ್ತು ದಿನಕ್ಕೆ ಒಂದೇ ಸಿಗುತ್ತಿತ್ತು. ಮುಂಜಾನೆ ಆರರಿಂದ ಏಳೂವರೆಯವರೆಗೆ ನಳಕ್ಕೆ ನೀರು ಬರುತ್ತದೆ. ಓಣಿಯವರೆಲ್ಲ ಕೂಲರುಗಳನ್ನು ಆರಿಸಿ ಟ್ಯಾಂಕು ತುಂಬುತ್ತಾರೆ. ಆ ಒಂದೂವರೆ ತಾಸು ಬಿಟ್ಟರೆ ಉಳಿದ ಹೊತ್ತೆಲ್ಲ ನಮ್ಮ ಓಣಿ ವಿಮಾನ ಏರುವ ಹಾಗೆ ಮೊರೆಯುತ್ತದೆ. ನಮ್ಮ ಬಾಲ್ಕನಿಗೆ ಪೂರ್ವದ ಬೆಳಕು ಬರುವುದೂ ಆಗಲೇ. ನಮ್ಮ ಕೂಲರನ್ನೂ ಆರಿಸಿ ನಾನು ಬೆವರುತ್ತ ಮಾತಾಡುತ್ತಿದ್ದರೆ, ತಾಯಿಯವರು ಚಿತ್ರದ ಚೌಕಟ್ಟಿನ ಹೊರಗೆ ಕುಳಿತು ಬೀಸಣಿಗೆ ಬೀಸುತ್ತಿದ್ದರು. ಅವರ ಬಳೆಗಳ ಸದ್ದು ಪ್ರತಿ ವಿಡಿಯೋದಲ್ಲೂ ಬಂದಿದೆ. ಕೆಲವೊಮ್ಮೆ ಮಾತೂ ಬಂದಿದೆ: “ಅಷ್ಟ ಬಿಗಿ ಮಾಡಬ್ಯಾಡ, ತಿರಪು ತಿಂದು ಹೋಗತೈತಿ.” ನೋಡುಗರು ನನಗಿಂತ ಹೆಚ್ಚಾಗಿ ಅವರನ್ನೇ ವಿಚಾರಿಸುತ್ತಿದ್ದರು.

ಆಗ ತಂಗಿ ತನ್ನ ಕಂಪನಿಯಲ್ಲಿ ನನಗೊಂದು ಕೆಲಸ ನೋಡಿ ಬಂದಳು. ಕಾಗದಪತ್ರಗಳ ವಿಭಾಗ.

“ಅಕ್ಕಾ, ಜೂನ್ ಪಹಿಲಾ ಸೋಮವಾರ ಜಾಯ್ನಿಂಗ್. ಎಸಿ ಆಫೀಸು, ಕುಂತು ಮಾಡೂ ಕೆಲಸ, ಕ್ಯಾಬ್ ಮನಿ ಮುಂದ. ಇನ್ನೇನ್ ಪಾಹಿಜೆ ನಿನಗ?”

“ಕ್ಯಾಬ್ ಎಷ್ಟಕ್ಕ ಬರತೈತಿ?”

“ಪಾವಣೇ ಸಹಾ. ನನಗ ಬರೂದಿಲ್ಲೇನು ದಿನಾ?”

ಪಾವಣೇ ಸಹಾ ಎಂದರೆ ಐದು ಮುಕ್ಕಾಲು. ನನ್ನ ಬೆಳಕು ಬರುವ ಹೊತ್ತಿಗೆ ನಾನು ಕ್ಯಾಬಿನಲ್ಲಿ ಇರಬೇಕಾಗಿತ್ತು. ಎರಡೂ ಕೂಡಿ ನಡೆಯುವ ಮಾತೇ ಇರಲಿಲ್ಲ.

“ಈ ಬೇಸಿಗಿ ಮುಗೀಲಿ,” ಎಂದೆ. “ಆ ಸೋಮವಾರದೊಳಗ ನನ್ನ ಚಾನೆಲ್ಲಿಗೆ ಹತ್ತು ಸಾವಿರ ಮಂದಿ ಸೇರಿದ್ರ ನಾ ಬರೂದಿಲ್ಲ. ಸೇರಲಿಲ್ಲ ಅಂದ್ರ ಸ್ಟ್ಯಾಂಡ್ ಮಾಳಿಗಿ ಮ್ಯಾಲೆ ಇಟ್ಟು ನಿನ್ನ ಕ್ಯಾಬ್ ಹತ್ತತೀನಿ.”

“ಈಗ ಎಷ್ಟು ಅದಾರ?”

“ಮುನ್ನೂರಾ ಹನ್ನೊಂದು.”

“ತೀನ್ಶೆ! ಅಕ್ಕಾ, ನಮ್ಮ ಕ್ಯಾಂಟೀನ್‌ದಾಗ ಪೋಹಾಕ್ಕ ಅದಕಿಂತ ಉದ್ದ ಲೈನ್ ಇರತೈತಿ.”

ಆದರೂ ಗಡುವು ಒಪ್ಪಿಗೆಯಾಯಿತು.

ಅಂದಿನಿಂದ ನಾನು ಒಂದು ದಿನವನ್ನೂ ಬಿಡಲಿಲ್ಲ. ಮೊದಲ ವಿಡಿಯೋಗಳಲ್ಲಿ ನಮಸ್ಕಾರ, ಪರಿಚಯ, ವಿನಂತಿ ಎಂದು ಪತ್ರದ ಹಾಗೆ ಆರಂಭಿಸುತ್ತಿದ್ದೆ. ಜನ ಅಷ್ಟರಲ್ಲೇ ಬಿಟ್ಟು ಹೋಗುತ್ತಿದ್ದರು. ಅನಂತರ ಮೊದಲು ಕೆಟ್ಟ ಕೂಲರನ್ನು ತೋರಿಸಿ, ಅದರ ಸದ್ದು ಕೇಳಿಸಿ, ಆಮೇಲೆ ಮಾತಾಡತೊಡಗಿದೆ. ಒಂದು ವಿಡಿಯೋಕ್ಕೆ ಒಂದೇ ರೋಗ. ನೀರು ಒಂದೇ ಬದಿಗೆ ಇಳಿಯುವುದು. ಫ್ಯಾನು ಕುಂಟುವುದು. ಹುಲ್ಲು ವಾಸನೆ ಬರುವುದು. ಪ್ಲಗ್ಗು ಕಿತ್ತ ಮೇಲೆಯೇ ಕೈ ಹಾಕಬೇಕೆಂದು ಪ್ರತಿಯೊಂದರಲ್ಲೂ ಹೇಳಿದೆ. ಓಣಿಯ ಮನೆಗಳಿಗೆ ಹೋಗಿ, “ತುಮಚಾ ಕೂಲರ್ ಬಿಘಡಲಾ ಕಾ?” ಎಂದು ಕೇಳಿ, ಕೆಟ್ಟಿದ್ದರೆ ಸಂತೋಷಪಟ್ಟು ಸರಿಮಾಡಿ ಬಂದೆ. ರಾಯಚೂರು, ಬಳ್ಳಾರಿ, ವಿಜಯಪುರದ ಕಡೆಯವರು ಸೇರತೊಡಗಿದರು. ನೂರಕ್ಕೆ ನೂರು ಕೂಡುತ್ತಾ ಹೋಯಿತು.

ಜನ ಬರೆದ ಮಾತುಗಳನ್ನು ಓದುವ ಕೆಲಸ ತಾಯಿಯವರದು. ಫೋನಿನ ಚಿಕ್ಕ ಕನ್ನಡ ಅಕ್ಷರಗಳನ್ನು ನಾನು ಓದಬಲ್ಲೆ, ಆದರೆ ಗಾಡಿ ಹಳಿ ಬದಲಿಸುವಷ್ಟು ನಿಧಾನ. ಊಟವಾದ ಮೇಲೆ ಅವರು ಚಷ್ಮಾ ಹಾಕಿಕೊಂಡು ಗಟ್ಟಿಯಾಗಿ ಓದುತ್ತಿದ್ದರು. ನಾನು ಕೇಳಿ ಉತ್ತರ ಹೇಳುತ್ತಿದ್ದೆ. ಅವರೇ ಬೆರಳಲ್ಲಿ ಒತ್ತಿ ಕಳಿಸುತ್ತಿದ್ದರು. ಈ ವ್ಯವಸ್ಥೆಯಲ್ಲಿ ಏನಾದರೂ ದೋಷವಿರಬಹುದೆಂದು ನನಗೆ ತೋರಲೇ ಇಲ್ಲ.

ಏಪ್ರಿಲ್ ಕೊನೆಯಲ್ಲಿ ನಾನು ಒಂದು ದೊಡ್ಡ ವಿಡಿಯೋ ಮಾಡಿದೆ. ಎಸಿ ಬೇಡ, ಕೂಲರ್ ಸಾಕು ಎಂಬುದು ಅದರ ಸಾರಾಂಶ. ಅದರಲ್ಲಿ ನಾನು ಆಡಿದ ಮಾತು ಇದು: “ನಮ್ಮ ಕನ್ನಡದ ಮಂದಿ ಯಾವ ಊರಾಗರ ಇರ್ರಿ, ಕಿಟಕ್ಯಾಗ ಒಂದು ಕೂಲರ್ ಇಟ್ಟು ನೋಡ್ರಿ. ಮನಿ ತಂಪಾಗಲಿಲ್ಲ ಅಂದ್ರ ನನ್ನ ಕೇಳ್ರಿ.” ಇಷ್ಟು ಧೈರ್ಯದಿಂದ ನಾನು ಹಿಂದೆಂದೂ ಮಾತಾಡಿರಲಿಲ್ಲ. ಆ ವಿಡಿಯೋ ಓಡಿತು. ಮುಂಚಿನ ಎಲ್ಲ ವಿಡಿಯೋಗಳನ್ನು ನೋಡಿದವರಿಗಿಂತ ಹೆಚ್ಚು ಜನ ಅದೊಂದನ್ನೇ ನೋಡಿದರು. ಮೇ ತಿಂಗಳ ಮೊದಲ ವಾರಕ್ಕೆ ನಮ್ಮಲ್ಲಿ ಏಳು ಸಾವಿರ ಮಂದಿ. ತಂಗಿ ಪೋಹಾದ ಮಾತನ್ನು ಎತ್ತುವುದನ್ನು ಬಿಟ್ಟಳು.

ಆಮೇಲೆ ಸಂಖ್ಯೆ ನಿಂತಿತು. ನಿಂತು, ಇಳಿಯತೊಡಗಿತು. ದಿನಕ್ಕೆ ಐವತ್ತು, ನೂರು. ತಾಯಿಯವರನ್ನು ಕೇಳಿದರೆ, “ಎಲ್ಲಾರೂ ಛಲೋನ ಬರದಾರಲ್ಲ,” ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ನಾನೇ ಫೋನು ತೆಗೆದುಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಮೇಲಿನಿಂದ ಓದುತ್ತಾ ಬಂದೆ. ಹದಿನಾಲ್ಕನೆಯದು ಹೀಗಿತ್ತು: ಬರೆದವರು ಉಡುಪಿ ಕಡೆಯ ಕಡಲತೀರದ ಊರಿನ ಒಬ್ಬ ಹೆಂಗಸು. ಹಾಸಿಗೆ ಹಿಡಿದ ಅತ್ತೆಗೆಂದು ನನ್ನ ಮಾತು ನಂಬಿ ಕೂಲರ್ ತರಿಸಿದರು. ಕೋಣೆ ತಂಪಾಗುವುದಿರಲಿ, ಹಾಸಿಗೆ ಹೊದಿಕೆ ಎಲ್ಲ ತೇವವಾಗಿ, ಗೋಡೆಗೆ ಬೂಷ್ಟು ಹಿಡಿದು, ಮುದುಕಿಗೆ ಮೊದಲಿಗಿಂತ ಹೆಚ್ಚು ಸಂಕಟವಾಯಿತು. ‘ಕೇಳಿ ಎಂದಿದ್ದಿರಿ, ಅದಕ್ಕೆ ಕೇಳುತ್ತಿದ್ದೇನೆ. ಉತ್ತರ ಕೊಡಿ.’ ಅದರ ಕೆಳಗೆ ಎಂಟು ದಿನಗಳಿಂದ ಜನ ಸೇರಿದ್ದರು. ಅಕ್ಕ ಉತ್ತರ ಕೊಡುವುದಿಲ್ಲ, ಕೂಲರ್ ಕಂಪನಿಯವರು ಏನೋ ಕೊಟ್ಟಿರಬೇಕು ಎಂದು ಒಬ್ಬರು ಬರೆದಿದ್ದರು.

ಈ ವಿಷಯವನ್ನು ಗಮನಕ್ಕೆ ತಾರದಿದ್ದುದರ ಬಗ್ಗೆ ತಾಯಿಯವರಿಂದ ವಿವರಣೆ ಕೇಳಿದೆ.

“ಅವ್ವಾ, ಇದನ್ಯಾಕ ಓದಲಿಲ್ಲ?”

“ಯಾವದದು?”

“ಹದಿನಾಲ್ಕನೇದು.”

“ಚಷ್ಮಾ ಒರಸಾಕತ್ತಿದ್ದೆ ಕಾಣ್ತದ, ಬಿಟ್ಟುಹೋಗಿರಬೇಕು.”

“ಎಂಟು ದಿವಸ ಒರಸಿದಿ ಏನು?”

ಅವರು ಸೆರಗನ್ನು ಬೆರಳಿಗೆ ಸುತ್ತಿಕೊಂಡರು. “ಕಾಲೇಜ ಬಿಡಿಸಿದ ದಿವಸ ನೀ ಬಾಗಲದಾಗ ಬಂದು ನಿಂತಿದ್ದಿ ನೋಡು, ಆ ಬಾಡಿದ ಮಾರಿ ನಾ ಇನ್ನೂ ಮರ್ತಿಲ್ಲ. ಮತ್ತ ಆ ಮಾರಿ ನೋಡೂದು ನನಗ ಬ್ಯಾಡಾಗಿತ್ತು.”

ನಾನು ಸಿಟ್ಟಾಗಲು ಸಿದ್ಧಳಾಗಿದ್ದೆ. ಆ ಮಾತಿನ ಎದುರಿಗೆ ಸಿಟ್ಟು ನಿಲ್ಲಲಿಲ್ಲ.

ಆ ಹೆಂಗಸಿಗೆ ನನ್ನ ನಂಬರು ಬರೆದು ಕಳಿಸಿದೆ. ಅವರು ತಮ್ಮದನ್ನು ಕಳಿಸಿದರು. ಫೋನು ಹಚ್ಚುವ ಮೊದಲು ಏನು ಹೇಳಬೇಕೆಂದು ಕಾಗದದ ಮೇಲೆ ಐದು ಸಾಲು ಬರೆದುಕೊಂಡಿದ್ದೆ, ಮೊದಲನೆಯದನ್ನೂ ಓದಲಾಗಲಿಲ್ಲ.

“ಹಲೋ, ಕೂಲರಿನ ಅಕ್ಕನಾ ಮಾತಾಡುದು?”

“ಹೌದ್ರಿ, ನಾನ. ನೀವು ಬರದದ್ದು ಇವತ್ತ ಓದಿದೆ. ತಡಾ ಆತು, ತಪ್ಪಾತು.”

“ಅಯ್ಯೋ, ನೀವು ಫೋನ್ ಮಾಡ್ತೀರಿ ಅಂತ ನಾನು ಗ್ರಹಿಸಲೇ ಇಲ್ಲ ಮಾರಾಯ್ರೆ. ಬೈಲಿಕ್ಕೆ ಅಂತ ಎಷ್ಟು ಮಾತು ಕೂಡಿಸಿ ಇಟ್ಟಿದ್ದೆ, ಈಗ ಒಂದೂ ನೆನಪಿಗೆ ಬರುದಿಲ್ಲ.”

“ನೆನಪಾದಾಗ ಬೈರಿ. ಮೊದಲ ಅತ್ತೆಯವರು ಹ್ಯಾಂಗದಾರ ಹೇಳ್ರಿ.”

“ಅವರೀಗ ಪರವಾಗಿಲ್ಲ. ಕೂಲರ್ ಬಂದ್ ಮಾಡಿ ಹಾಸಿಗೆಯೆಲ್ಲ ಬಿಸಿಲಿಗೆ ಹಾಕಿದೆ. ಆದ್ರೆ ಗೋಡೆ ಇನ್ನೂ ಬೆವರ್ತಾ ಉಂಟು.”

“ಕಿಟಕಿ ತಗದು ಇಟ್ಟಿದ್ರ್ಯೇನ್ರಿ?”

“ತೆಗೆದ್ರೆ ಹೊರಗಿಂದ ಬರುದು ಎಂತ? ಅದೇ ಸೆಖೆ ಅಲ್ವಾ. ನಿಮ್ಮಲ್ಲಿ ಒಂದು ಟವೆಲು ನೆರಳಲ್ಲಿ ಹಾಕಿದ್ರೆ ಒಣಗ್ಲಿಕ್ಕೆ ಎಷ್ಟು ಹೊತ್ತು ಬೇಕು?”

“ಈಗ ಮೇ ತಿಂಗಳದಾಗ? ಅರ್ಧಾ ತಾಸು.”

“ಅರ್ಧ ಗಂಟೆಯಾ! ನಮ್ಮಲ್ಲಿ ಬೆಳಿಗ್ಗೆ ಹಾಕಿದ್ದು ಸಂಜೆಗೂ ತಣ್ಣಗೇ ಇರ್ತದೆ.”

ನನ್ನ ಕಣ್ಣೆದುರಿಗೆ ಪ್ರಯೋಗಾಲಯದ ಗೋಡೆ ಬಂದು ನಿಂತಿತು. ಗಾಳಿ ಎಷ್ಟು ಒಣಗಿರುತ್ತದೆಯೋ ಒದ್ದೆ ಬತ್ತಿಯ ನೀರು ಅಷ್ಟು ಬೇಗ ಆವಿಯಾಗುತ್ತದೆ. ಅಷ್ಟರಮಟ್ಟಿಗೆ ಪಾರಾ, ಅಂದರೆ ಪಾದರಸ, ಕೆಳಗಿಳಿಯುತ್ತದೆ. ಕೂಲರಿನ ಹುಲ್ಲಿನಲ್ಲಿ ನಡೆಯುವುದೂ ಅದೇ. ತೇವ ತುಂಬಿದ ಗಾಳಿಯಲ್ಲಿ ಹುಲ್ಲಿನ ನೀರು ಅಷ್ಟಾಗಿ ಆರುವುದಿಲ್ಲ. ಕೋಣೆಗೆ ಇನ್ನಷ್ಟು ತೇವವನ್ನು ಸೇರಿಸಿದಂತೆ ಆಗುತ್ತದೆ. ಆ ಬತ್ತಿಗೆ ಹದಿನೇಳು ವರ್ಷ ನೀರು ತುಂಬಿದವಳು ನಾನೇ. ನಾನು ಕರ್ನಾಟಕಕ್ಕೆ ಹೋದದ್ದು ಒಟ್ಟು ಆರು ಸಲ. ಆರೂ ಸಲ ಮೇ ರಜೆಯಲ್ಲಿ, ಆರೂ ಸಲ ಕಲಬುರಗಿಗೆ. ಕನ್ನಡದ ನಾಡೆಂದರೆ ಇಡೀ ಕಪ್ಪು ಮಣ್ಣು ಮತ್ತು ಒಣ ಬಿಸಿಲು ಎಂದೇ ನನ್ನ ತಲೆಯಲ್ಲಿ ಕುಳಿತಿತ್ತು. ಸಮುದ್ರವೆಂಬುದು ನಕಾಶೆಯ ನೀಲಿ ಬಣ್ಣವಾಗಿತ್ತು, ಅಷ್ಟೇ. ಆ ನೀಲಿಯ ದಂಡೆಯ ಮೇಲೆ ಜನ ಬಟ್ಟೆ ಒಣಗಿಸಿಕೊಳ್ಳಲು ಪಡುವ ಪಾಡು ನನಗೆ ಗೊತ್ತಿರಲಿಲ್ಲ.

ಆ ದಿನ ಸಾಯಂಕಾಲ ಮನೆಯಲ್ಲಿ ವಿಚಾರವಿನಿಮಯ ನಡೆಯಿತು. ಗಡುವಿಗೆ ಮೂರು ವಾರ ಉಳಿದಿತ್ತು. ಆ ವಿಡಿಯೋವನ್ನು ತೆಗೆದುಹಾಕುವುದಾಗಿ ನಾನು ಹೇಳಿದೆ.

“ಥಾಂಬ್, ಥಾಂಬ್, ತಡಿ,” ಎಂದಳು ತಂಗಿ. “ಅದೊಂದ ವಿಡಿಯೋದಿಂದ ಅರ್ಧಕ್ಕರ್ಧ ಮಂದಿ ಬಂದಾರ. ಅದನ್ನ ತಗದಿ ಅಂದ್ರ ಹೊಸಬರು ಬರೂದು ಬಂದ್. ಕೆಳಗ ತಪ್ಪಾತು ಅಂತ ಬರಿ, ಸಾಕು. ಸೋಮವಾರ ಮುಗದ ಮ್ಯಾಲೆ ತಗಿ.”

ಸೋಮವಾರ ಮುಗಿಯುವವರೆಗೆ ಇನ್ನೆಷ್ಟು ಕಡಲತೀರದ ಕಿಟಕಿಗಳಿಗೆ ಕೂಲರು ಕೂತಿರುತ್ತದೆಯೋ ಎಂಬುದು ನನ್ನ ಪ್ರಶ್ನೆಯಾಗಿತ್ತು. ತಂಗಿಗೆ ಹೀಗೆಂದೆ: “ನಿನ್ನ ಕ್ಯಾಬ್ ಹತ್ತಬೇಕಾದ್ರ ಹತ್ತತೀನಿ. ಸುಳ್ಳಿನ ಮ್ಯಾಲೆ ಎಣಿಸಿದ ಮಂದಿ ನನಗ ಬ್ಯಾಡ.” ಎಲ್ಲರ ಎದುರಿಗೇ ಅದನ್ನು ತೆಗೆದುಹಾಕಿದೆ. ತೆಗೆಯುವ ಮೊದಲು ಆ ಹೆಂಗಸಿನ ಮಾತುಗಳನ್ನು, ಅವರ ಒಪ್ಪಿಗೆ ಪಡೆದು, ಒಂದು ಹಾಳೆಯ ಮೇಲೆ ನಕಲು ಮಾಡಿಕೊಂಡೆ. ನಕಲು ಮಾಡುವುದರಲ್ಲಿ ನನಗೆ ಅನುಭವವಿದೆ.

ಹೊಸ ವಿಡಿಯೋವನ್ನು ಮುಂಜಾನೆ ಮಾಡುವಂತಿರಲಿಲ್ಲ. ಬಿಸಿಲೇ ಅದರ ವಿಷಯ. ಮಧ್ಯಾಹ್ನ ಎರಡಕ್ಕೆ ಬಾಲ್ಕನಿಯ ನೆರಳಿನಲ್ಲಿ ಬ್ಯೂರೆಟ್ ಸ್ಟ್ಯಾಂಡು ನಿಲ್ಲಿಸಿ, ಪ್ರಯೋಗಾಲಯದಿಂದಲೇ ಕೊಂಡುತಂದಿದ್ದ ಉಷ್ಣಮಾಪಕವನ್ನು ಅದರ ಹಿಡಿಕೆಗೆ ಸಿಕ್ಕಿಸಿದೆ. ಆಗ ಫೋನಿಗೆ ಸ್ಟ್ಯಾಂಡು ಇಲ್ಲವಾಯಿತು. ತಾಯಿಯವರು ಜೋಳದ ಡಬ್ಬಿಯನ್ನು ತಂದಿಟ್ಟರು. ಫೋನನ್ನು ಜೋಳದಲ್ಲಿ ಅರ್ಧ ಹೂತರೆ ಕದಲದೆ ನಿಲ್ಲುತ್ತದೆಂದು ಆ ದಿನ ಗೊತ್ತಾಯಿತು. ಓಣಿಯ ಕೂಲರುಗಳೆಲ್ಲ ಮೊರೆಯುತ್ತಿದ್ದವು. ಮೈಕನ್ನು ಗಲ್ಲದ ಹತ್ತಿರ ಹಿಡಿದು ಕೂಗಿ ಮಾತಾಡಿದೆ.

ಆರಂಭದಲ್ಲಿ ನಾನು ಮಾತಾಡಲಿಲ್ಲ. ಹದಿನಾಲ್ಕನೆಯ ಮಾತನ್ನು ತಾಯಿಯವರೇ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಎಂಟು ದಿನ ಓದದೆ ಬಿಟ್ಟದ್ದಕ್ಕೆ ಅವರಾಗಿಯೇ ಕೇಳಿಕೊಂಡ ಕೆಲಸ ಅದು. ‘ಉತ್ತರ ಕೊಡಿ’ ಎಂಬುದನ್ನು ಅವರು ಎರಡು ಸಲ ಓದಿದರು. ಅದನ್ನು ನಾನು ಕತ್ತರಿಸಲಿಲ್ಲ. ಆಮೇಲೆ ನಾನು ತಪ್ಪೊಪ್ಪಿಕೊಂಡು ಉಷ್ಣಮಾಪಕವನ್ನು ತೋರಿಸಿದೆ. ಬರಿಯದು ನಲವತ್ತಮೂರು. ಅದರ ಬುಡಕ್ಕೆ ಹಳೆಯ ಧೋತರದ ಒದ್ದೆ ತುಂಡು ಸುತ್ತಿ ಬೀಸಣಿಗೆಯಿಂದ ಗಾಳಿ ಹಾಕಿದೆ. ನೋಡುನೋಡುತ್ತಿದ್ದಂತೆ ಪಾರಾ ಇಳಿದು ಇಪ್ಪತ್ತಮೂರಕ್ಕೆ ನಿಂತಿತು. ಆ ಕಡಲತೀರದ ಹೆಂಗಸು ಅಲ್ಲಿನ ಹೈಸ್ಕೂಲಿನಿಂದ ಉಷ್ಣಮಾಪಕ ಕೇಳಿ ತಂದು, ಹಾಗೆಯೇ ಮಾಡಿ ಅಳೆದು ಕಳಿಸಿದ್ದ ಅಂಕಿಗಳನ್ನೂ ಹೇಳಿದೆ: ಮೂವತ್ತಮೂರು, ಇಪ್ಪತ್ತೊಂಬತ್ತು. ಅಲ್ಲಿ ಇಳಿದದ್ದು ನಾಲ್ಕೇ ಡಿಗ್ರಿ.

“ಕೂಲರ್ ತರೂಕಿಂತ ಮೊದಲ ಇಷ್ಟು ಮಾಡಿ ನೋಡ್ರಿ,” ಎಂದೆ. “ಹತ್ತಕಿಂತ ಹೆಚ್ಚು ಇಳದ್ರ ತರ್ರಿ. ಐದು ಸುದ್ದಾ ಇಳೀಲಿಲ್ಲ ಅಂದ್ರ ನನ್ನ ಮಾತಲ್ಲ, ಯಾರ ಮಾತೂ ಕೇಳಬ್ಯಾಡ್ರಿ. ನಿಮ್ಮ ಊರಾಗ ಎಷ್ಟು ಇಳೀತು ಅಂತ ಕೆಳಗ ಬರೀರಿ. ನನಗ ನಿಮ್ಮ ಊರು ಗೊತ್ತಿಲ್ಲ.”

ಮೊದಲ ಎರಡು ದಿನ ಏನೂ ಆಗಲಿಲ್ಲ. ಸಂಖ್ಯೆ ಆರು ಸಾವಿರದ ಹತ್ತಿರ ಇಳಿದಿತ್ತು. ಮೂರನೆಯ ದಿನ ಮೌಶಿ ಕಲಬುರಗಿಯ ಅಂಕಿ ಬರೆದರು: ಹದಿನೆಂಟು ಇಳಿದಿದೆ. ಅದರ ಕೆಳಗೆ ರಾಯಚೂರಿನವರು ತಮ್ಮಲ್ಲಿಯೂ ಅಷ್ಟೇ ಎಂದರು. ಕಾರವಾರದವರು ಮೂರು ಎಂದು ಬರೆದು ನಕ್ಕರು. ಶಾಲಾ ಮಾಸ್ತರರೊಬ್ಬರು ತಮ್ಮ ಮಕ್ಕಳಿಂದ ಮುಂಜಾನೆ, ಮಧ್ಯಾಹ್ನ, ಸಾಯಂಕಾಲ ಅಳೆಯಿಸಿ ಮೂರು ಅಂಕಿ ಕಳಿಸಿದರು. ಬೆಂಗಳೂರಿನವರು ನಡುವೆ ಎಲ್ಲೋ ಬಂದು, ಕೊಳ್ಳಬೇಕೋ ಬೇಡವೋ ಎಂದು ತಮ್ಮತಮ್ಮಲ್ಲೇ ಜಗಳವಾಡಿದರು. ಬರಿದೆ ನೋಡಿ ಹೋಗುವವರಿಗೆ ಈಗ ಮಾಡಲು ಒಂದು ಕೆಲಸ ಸಿಕ್ಕಿತ್ತು. ಮಾಡಿದ್ದನ್ನು ಹೇಳಿಕೊಳ್ಳಲು ಜಾಗವೂ ಸಿಕ್ಕಿತ್ತು. ತಾಯಿಯವರು ಸಂಘದ ಹಳೆಯ ಹಾಜರಿ ಪುಸ್ತಕದ ಖಾಲಿ ಪುಟಗಳಲ್ಲಿ ಊರು, ಒಣ ಅಂಕಿ, ಒದ್ದೆ ಅಂಕಿ ಎಂದು ಗೆರೆ ಎಳೆದು ಬರೆಯತೊಡಗಿದರು. ಒಂದನ್ನೂ ಬಿಡಲಿಲ್ಲ, ಬೈದವರದನ್ನೂ.

ಗಡುವಿನ ಹಿಂದಿನ ಭಾನುವಾರ ಸಾಯಂಕಾಲ ನಮ್ಮಲ್ಲಿ ಇದ್ದವರು ಒಂಬತ್ತು ಸಾವಿರದ ನಾಲ್ಕು ನೂರಾ ಅರವತ್ತು ಮಂದಿ.

ಹತ್ತು ಸಾವಿರ ಆಗಲಿಲ್ಲ. ಕೊಟ್ಟ ಮಾತಿನ ಪ್ರಕಾರ ನಾನು ಸ್ಟ್ಯಾಂಡನ್ನು ಮಾಳಿಗೆಗೆ ಏರಿಸಬೇಕಾಗಿತ್ತು. ಅದನ್ನು ಒರೆಸಿದೆ. ತಿರುಪಿಗೆ ಎಣ್ಣೆ ಬಿಟ್ಟೆ. ಮಾಳಿಗೆಯ ಮೆಟ್ಟಿಲಿನವರೆಗೆ ಒಯ್ದು, ಮೊದಲನೆಯ ಮೆಟ್ಟಿಲ ಮೇಲೆ ಇಟ್ಟು, ಅದರ ಪಕ್ಕದಲ್ಲಿಯೇ ಕುಳಿತುಬಿಟ್ಟೆ. ಹದಿನೇಳು ವರ್ಷ ಇನ್ನೊಬ್ಬರು ಬರೆದ ವೇಳಾಪಟ್ಟಿಯಂತೆ ನಡೆದಿದ್ದೆ. ಇನ್ನೊಬ್ಬರು ಬಿಡುಗಡೆ ಎಂದಾಗ ಬಿಡುಗಡೆಯಾಗಿದ್ದೆ. ಈ ಒಂದು ಗಡುವನ್ನು ಹಾಕಿಕೊಂಡವಳು ನಾನೇ ಆದ್ದರಿಂದ, ಅದನ್ನು ತಿದ್ದುವ ಅಧಿಕಾರವೂ ನನ್ನದೇ ಎಂದು ತೀರ್ಮಾನಿಸಿದೆ. ಸ್ಟ್ಯಾಂಡನ್ನು ಎತ್ತಿಕೊಂಡು ವಾಪಸು ಬಂದೆ. ಒಂದು ಹಾಳೆ ತೆಗೆದು, ನಾಳಿನಿಂದ ಕರ್ತವ್ಯಕ್ಕೆ ಹಾಜರಾಗಲು ನನ್ನಿಂದ ಸಾಧ್ಯವಾಗುತ್ತಿಲ್ಲವೆಂದೂ, ಗಡುವಿನ ಸಂಖ್ಯೆಯನ್ನು ನಾನು ಮುಟ್ಟಿಲ್ಲವೆಂಬುದನ್ನು ಒಪ್ಪಿಕೊಂಡಿದ್ದೇನೆಂದೂ, ಆದಾಗ್ಯೂ ಈ ಕೆಲಸವನ್ನು ಮುಂದುವರಿಸಲು ನಿಶ್ಚಯಿಸಿದ್ದೇನೆಂದೂ ತಂದೆಯವರ ಶೈಲಿಯಲ್ಲಿ ಬರೆದು, ಸಹಿ ಮಾಡಿ ತಂಗಿಯ ಕೈಗೆ ಕೊಟ್ಟೆ.

ಅವಳಿಗೆ ಕನ್ನಡ ಓದಲು ಬಾರದು. ತಾಯಿಯವರು ಓದಿ ಹೇಳಿದರು.

“ಇದನ್ನ ನಮ್ಮ ಎಚ್‌ಆರ್‌ಗೆ ಕೊಡಲೇನು?” ಎಂದಳು. “ಅಂವ ಹಿಂದಿ ಮೇಲ್ ಬಂದ್ರ ಗಾಬರಿ ಆಗ್ತಾನ, ಇದನ್ನ ನೋಡಿದ್ರ ರಜಾ ಹಾಕ್ತಾನ.”

“ನಗಬ್ಯಾಡ. ನಾ ಸೋತೀನಿ, ಅದು ನನಗ ಗೊತ್ತೈತಿ. ಆದ್ರೂ ಬರೂದಿಲ್ಲ.”

ಅವಳು ಹಾಜರಿ ಪುಸ್ತಕವನ್ನು ಎಳೆದುಕೊಂಡು ಪುಟ ತಿರುವಿದಳು. ಅಂಕಿಗಳನ್ನು ಅವಳು ಓದಬಲ್ಲಳು. ಪುಟಗಳ ಮೇಲೆ ಪುಟಗಳು. “ಬಾಪರೇ. ಇಷ್ಟೂ ಮಂದಿ ನೀ ಹೇಳೀ ಅಂತ ಬಿಸಲಾಗ ನಿಂತು ಅಳದಾರ?”

“ಹ್ಞೂಂ.”

“ನಮ್ಮ ಆಫೀಸಿನ್ಯಾಗ ಸಾಹೇಬ ನಾಲ್ಕ ಸಲ ಮೇಲ್ ಮಾಡಿದ್ರೂ ಒಂದು ಫಾರ್ಮ್ ಯಾರೂ ತುಂಬೂದಿಲ್ಲ.” ಪುಸ್ತಕ ಮುಚ್ಚಿದಳು. “ಬರೋಬರ್. ದಸರಾ ತನಕ ಗಡುವು ಮುಂದ ಹಾಕೇನಿ. ಮಳಿಗಾಲದಾಗ ಕೂಲರ್ ಯಾರು ನೋಡ್ತಾರ, ಅದನ್ನ ಮೊದಲ ಹೇಳು.”

“ಮಳಿಗಾಲದಾಗ ಮಿಕ್ಸರ್ ಕೆಡತಾವು. ಇಸ್ತ್ರೀ ಪೆಟ್ಟಿಗಿ ಕೆಡತಾವು. ನೀರಿನ ಮೋಟರ್ ಕೆಡತಾವು.”

“ಮತ್ತ ಎಲ್ಲಾ ಊರಾಗೂ ಕೆಡತಾವೇನು? ಕೇಳಿ ನೋಡಿಯೇನ?” ಎಂದು ಚುಚ್ಚಿದಳು.

ಆ ಕಡಲತೀರದ ಹೆಂಗಸು ಆ ವಾರವೇ ಫೋನು ಮಾಡಿದ್ದರು. ಕೂಲರಿನ ಹುಲ್ಲು ಕಿತ್ತು, ಟ್ಯಾಂಕು ಒಣಗಿಸಿ, ಬರಿಯ ಗಾಳಿಗೆ ಇಟ್ಟುಕೊಂಡಿದ್ದರು. “ಇಷ್ಟು ದೊಡ್ಡ ಫ್ಯಾನು ನಮ್ಮ ಕೇರಿಯಲ್ಲಿ ಯಾರತ್ರವೂ ಇಲ್ಲ,” ಎಂದರು. “ಅತ್ತೆ ಹೇಳ್ತಾರೆ, ಆ ನಾಗಪುರದವಳಿಗೆ ಒಮ್ಮೆ ಸಮುದ್ರ ತೋರಿಸು ಅಂತ.” ಬೈಯಲು ಕೂಡಿಸಿಟ್ಟ ಮಾತು ನೆನಪಾಯಿತೇ ಎಂದು ಕೇಳಿದೆ. ಒಂದೆರಡು ನೆನಪಾಗಿದೆ, ಬಂದಾಗ ಹೇಳುತ್ತೇನೆ ಎಂದರು.

ಸೋಮವಾರ ಐದು ಮುಕ್ಕಾಲಿಗೆ ಕ್ಯಾಬು ಬಂದು ಹಾರನ್ನು ಹೊಡೆಯಿತು. ತಂಗಿ ಒಬ್ಬಳೇ ಇಳಿದು ಹೋದಳು. ನಾನು ಬಾಲ್ಕನಿಯಲ್ಲಿ ಕೆಟ್ಟ ಮಿಕ್ಸರಿನ ಮೇಲೆ ಫೋನನ್ನು ಬಾಗಿಸಿ ತಿರುಪು ಬಿಗಿ ಮಾಡುತ್ತಿದ್ದೆ. ಅವಳು ಕ್ಯಾಬಿನ ಬಾಗಿಲು ಹಿಡಿದು ಮೇಲೆ ನೋಡಿ ಕೂಗಿದಳು: “ಅಕ್ಕಾ, ಜಲ್ದಿ! ಬೆಳಕ ಬಂತು!” ಹಿಂದಿನಿಂದ ಬಳೆಯ ಸದ್ದಾಯಿತು, ತಾಯಿಯವರು ಬೀಸಣಿಗೆ ಹಿಡಿದು ತಮ್ಮ ಜಾಗಕ್ಕೆ ಬಂದು ಕುಳಿತರು.

ಓದುಗರಲ್ಲಿ ಕೊನೆಯದಾಗಿ ಒಂದು ಬೇಡಿಕೆ. ಈ ಬರಹದಲ್ಲಿ ತಪ್ಪುಗಳು ಇದ್ದೇ ಇರುತ್ತವೆ. ಅಕ್ಷರದ ತಪ್ಪಾಗಿರಬಹುದು, ನಿಮ್ಮ ಊರಿನ ಬಗ್ಗೆ ನಾನು ತಿಳಿಯದೆ ಆಡಿದ ಮಾತಾಗಿರಬಹುದು. ನನ್ನ ಮನಸ್ಸಿಗೆ ನೋವಾದೀತೆಂದು ಅವುಗಳನ್ನು ದಯವಿಟ್ಟು ದಾಟಿ ಹೋಗಬೇಡಿ. ಕಂಡಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಸರಿಯಾದುದನ್ನು ಪಕ್ಕದಲ್ಲಿ ಬರೆದು, ಸಂಘದ ವಾಚನಾಲಯದ ಮೇಜಿನ ಮೇಲೆ ಇಡಬೇಕು. ಭಾನುವಾರಗಳಂದು ನಾನು ತಾಯಿಯವರೊಂದಿಗೆ ಅಲ್ಲಿಗೆ ಬರುತ್ತೇನೆ. ಒಂದನ್ನೂ ಬಿಡದೆ ಗಟ್ಟಿಯಾಗಿ ಓದಲು ಅವರು ಒಪ್ಪಿದ್ದಾರೆ. ಪ್ರತಿಯೊಂದನ್ನೂ ನಾನು ತಿದ್ದಿ ಬರೆಯುತ್ತೇನೆ.